ಎದ್ದೇಳು ಎಂದವರ ಮನೆಗೆ

ಒಂಟಿಯಾಗಿರುವ ವಯಸ್ಸಾದವರ ಮನೆಗೆ ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಅವರ ಜೊತೆ ಕೂತು ಮಾತಾಡಿ ಬರುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದೆ. ಸಂಬಳವಿಲ್ಲದ ಕೆಲಸ. ಕೇಳಿದವರು ‘ಪುಣ್ಯವಂತರು ನೀವು’ ಎನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಮನೆಗಳಲ್ಲಿ ಒಂದು ಮನೆಗೆ ನಾನು ಹೋದದ್ದು ಸೇಡು ತೀರಿಸಿಕೊಳ್ಳುವುದಕ್ಕೆ. ಕಣ್ಣು ಕಾಣದ ಒಬ್ಬ ಮುದುಕರ ಎದುರು ಕುರ್ಚಿ ಹಾಕಿಕೊಂಡು ಕೂತು, ಅವರನ್ನು ಸಣ್ಣ ಉರಿಯಲ್ಲಿ ಬೇಯಿಸುವುದಕ್ಕೆ.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ನೆಲಮಂಗಲದ ಪಕ್ಕದ ಹಳ್ಳಿ ನನ್ನದು. ಮೊದಲು ಅಲ್ಲೇ ಹೆದ್ದಾರಿ ಪಕ್ಕದ ಗೋಡೌನಿನಲ್ಲಿ ಲಾರಿಗಳಿಗೆ ಮಾಲು ತುಂಬಿಸುವ ಕೆಲಸ ನೋಡಿಕೊಳ್ಳುತ್ತಿದ್ದೆ. ಆಮೇಲೆ ಪಿಲ್ಲಗುಂಪೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಸಿಕ್ಕಿ, ಹೆಂಡತಿ ಮಕ್ಕಳೊಂದಿಗೆ ಹೊಸಕೋಟೆಗೆ ಬಂದು ನೆಲೆಸಿದೆ. ಮಕ್ಕಳಿಗೆ ಮದುವೆಯಾಯಿತು, ನನಗೆ ನಿವೃತ್ತಿಯಾಯಿತು. ಮನೆಯಲ್ಲಿ ಕೂತು ಹೆಂಡತಿಯ ಅಡುಗೆಮನೆಯಲ್ಲಿ ತಪ್ಪು ಹುಡುಕತೊಡಗಿದೆ.

“ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ನೋಡ್ದಂಗೆ ನನ್ ಡಬ್ಬಗಳನ್ನೆಲ್ಲ ತೆಗ್ದು ತೆಗ್ದು ನೋಡ್ಬೇಡಿ,” ಎಂದು ಅವಳು ಒಂದು ದಿನ ರೇಗಿದಳು. “ಎಲ್ಲಾದ್ರೂ ಹೋಗಿ, ಯಾರಿಗಾದ್ರೂ ಉಪಯೋಗ ಆಗಿ.”

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದೆವು. ಮುದುಕರ ಮನೆಗಳಿಗೆ ಹೋಗಿಬರುವ ಗುಂಪನ್ನು ಕಟ್ಟಿದವರು ಅವರೇ. ಅವರ ಮನೆಯ ಮುಂದಿನ ಕೋಣೆಯೇ ನಮ್ಮ ಆಫೀಸು. ಕಟ್ಟಳೆಗಳು ಸರಳ. ಹೇಳಿದ ದಿನ ಹೇಳಿದ ಹೊತ್ತಿಗೆ ಹೋಗಬೇಕು, ಗಂಟೆಯಾದ ಮೇಲೆ ಏಳಬೇಕು. ನಾವು ಮಾತಾಡುವುದಕ್ಕಿಂತ ಅವರು ಮಾತಾಡುವುದು ಜಾಸ್ತಿಯಾಗಬೇಕು. ಆ ಮನೆಯ ಮಾತನ್ನಾಗಲಿ ಗಂಟನ್ನಾಗಲಿ ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗಬಾರದು. ಈ ಕೊನೆಯದನ್ನು ಮೇಡಂ ಬೆರಳೆತ್ತಿ ಹೇಳುತ್ತಿದ್ದರು. “ಅವರ ಮನೆ ಜಗಳ ನಮ್ಮ ತಲೆಗೆ ಬರುತ್ತೆ. ನೀವು ಜೊತೆಗಾರರು, ಪಂಚಾಯ್ತಿದಾರರಲ್ಲ.”

ಮೊದಲು ನನಗೆ ಸಿಕ್ಕವರು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಒಬ್ಬ ಅಜ್ಜಿ. ಅವರ ಮಾತಿಗೆ ಹೂಂಗುಟ್ಟುತ್ತಲೇ ನಾನು ಗೋಡೆಯತ್ತ ನೋಡುತ್ತಿದ್ದೆ. “ಬಂದಾಗ್ಲಿಂದ ಗಡಿಯಾರ ನೋಡ್ತೀಯಲ್ಲಪ್ಪಾ, ಬಸ್ ಹಿಡಿಯಕ್ಕೆ ಬಂದಿದೀಯಾ?” ಎಂದರು ಅಜ್ಜಿ. ಇನ್ನೊಬ್ಬರ ಎದುರು ಸುಮ್ಮನೆ ಕೂರುವುದನ್ನು ನನಗೆ ಕಲಿಸಿದವರು ಅವರು. ಅವರು ತೀರಿಕೊಂಡ ಮೇಲೆ ಮೇಡಂ ನನ್ನನ್ನು ಕರೆದು ಹೇಳಿದರು:

“ಹೊಸಬರೊಬ್ಬರಿದ್ದಾರೆ. ನಲ್ಲೂರಿನ ಕಡೆಯವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದೆ. ಇಲ್ಲೇ ಮಗಳ ಮನೇಲಿದ್ದಾರೆ. ಮಗಳು ಅಳಿಯ ಇಬ್ರೂ ಕಂಪನಿಗೆ ಹೋಗ್ತಾರೆ. ಹಗಲೆಲ್ಲ ಒಬ್ರೇ.”

ಹೆಸರು ಕೇಳಿದೆ. ಹೇಳಿದರು. ಅವರು ನನ್ನ ಹೆಂಡತಿಯ ಒಡಹುಟ್ಟಿದ ಅಣ್ಣ, ನನ್ನ ಭಾವ. ಮೂವತ್ತು ವರ್ಷಕ್ಕೂ ಮೇಲಾಗಿತ್ತು ಮಾತು ಬಿಟ್ಟು. ಮಾನವಂತನಾಗಿದ್ದರೆ ‘ಅವರು ನನ್ನ ನೆಂಟರು, ನಮಗೂ ಅವರಿಗೂ ಸರಿಯಿಲ್ಲ, ಬೇರೆಯವರನ್ನು ಕಳಿಸಿ’ ಎನ್ನಬೇಕಿತ್ತು.

“ನಾನೇ ಹೋಗ್ತೀನಿ ಮೇಡಂ,” ಎಂದೆ.

ಮಾತು ಬಿಟ್ಟದ್ದು ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆ ಮುಗಿದ ಮೇಲೆ ಬೀಗರ ಊಟ ಎಂದು ಮಾಡುತ್ತಾರೆ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಟ್ಟಿಗೆ ಕೂತು ಬಾಡೂಟ ಉಣ್ಣುವ ದಿನ ಅದು. ಭಾವನ ಚಿಕ್ಕಪ್ಪನ ಮಗಳ ಮದುವೆ. ನಮ್ಮದಿನ್ನೂ ಹೊಸ ಸಂಸಾರ. ‘ಮನೆ ಅಳಿಯ, ಬಾಪ್ಪಾ’ ಎಂದು ಯಾರೋ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಎಲೆ ಹಾಕಿದರು. ಬಿಸಿ ಮುದ್ದೆ ಬಂತು, ಮೇಲೆ ಸಾರು ಬಂತು, ಬಾಡಿನ ತುಂಡುಗಳು ಬಂದವು. ನಾನು ಮುದ್ದೆ ಮುರಿದು ಕೈಗೆ ತೆಗೆದುಕೊಂಡಿದ್ದೆ. ಆಗ ಭಾವ ಬಂದರು. ಆಗ ಅವರು ಮೀಸೆ ತಿರುವಿಕೊಂಡು ಓಡಾಡುತ್ತಿದ್ದ ಕಾಲ. ನನ್ನ ಭುಜಕ್ಕೆ ಕೈ ಹಾಕಿ ಎಳೆದರು.

“ಯಾವನ್ ಇವ್ನ ಇಲ್ಲಿ ಕೂರ್ಸಿದ್ದು? ಏಯ್, ಎದ್ದೇಳು. ಬೀಗ್ರು ನಿಂತವ್ರೆ, ಗೋಡೌನ್ ಕಾಯೋನು ಬಂದು ಮುಂದೆ ಕೂತವ್ನೆ. ಎದ್ದೇಳಲೇ!”

ಪಂಕ್ತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಲೆಯ ಮುಂದಿನಿಂದ ಎಬ್ಬಿಸುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಪಾಳಕ್ಕೆ ಹೊಡೆದಿದ್ದರೆ ಮರೆಯಬಹುದಿತ್ತು. ನಾನು ಎದ್ದೆ. ಮುರಿದ ಮುದ್ದೆ ಕೈಯಲ್ಲೇ ಇತ್ತು. ಎಲೆಗೆ ಹಾಕೋಣವೆಂದರೆ ಎಲೆ ನನ್ನದಲ್ಲ, ಬೇರೊಬ್ಬರು ಆಗಲೇ ಕೂತಿದ್ದರು. ಅದನ್ನು ಹಿಡಿದುಕೊಂಡೇ ಹೊರಗೆ ನಡೆದು ಒಂದು ಹುಣಸೆಮರದ ಬುಡದಲ್ಲಿ ಹಾಕಿದೆ. ನಾಯಿ ಬಂದು ತಿಂದಿತು. ಹೆಂಗಸರ ಕಡೆಯಿಂದ ನನ್ನ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದಳು.

ಅವತ್ತೇ ಅವಳನ್ನು ಹೊರಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಹೇಳಿದೆ, ಆ ಹೊಸ್ತಿಲನ್ನು ಇನ್ನು ನಾನು ತುಳಿಯುವುದಿಲ್ಲ, ನೀನೂ ತುಳಿಯಕೂಡದು.

“ನಾನೇನ್ ಮಾಡ್ದೆ?” ಎಂದಳು. ಆದರೂ ನನ್ನ ಮಾತೇ ನಡೆಯಿತು. ನೆಂಟರ ಮದುವೆಗೂ ಅವಳನ್ನು ಕಳಿಸಲಿಲ್ಲ.

ಅವರೂ ಕಡಿಮೆಯವರಲ್ಲ. ನನ್ನ ಅತ್ತೆ ಸತ್ತಾಗ ಭಾವ ನಮಗೆ ಹೇಳಿ ಕಳಿಸಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅವರೂರಿನ ಹೆಂಗಸೊಬ್ಬಳು ಮಾತಿನ ನಡುವೆ ‘ಪಾಪ, ನಿಮ್ಮವ್ವ’ ಎಂದಳು. ನನ್ನ ಹೆಂಡತಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಎಷ್ಟು ಬಸ್ಸು ಬಂದರೂ ಏಳಲಿಲ್ಲ. “ನಮ್ಮವ್ವನ ಮಣ್ಣಿಗೂ ಕರೀಲಿಲ್ವಲ್ರೀ,” ಎಂದಳು. ಅವಳ ಆ ಮಾತನ್ನು ನಾನು ಹಗೆಗೆ ಸಿಕ್ಕ ಒಪ್ಪಿಗೆ ಎಂದುಕೊಂಡೆ.

ಆದರೂ ಪ್ರತಿ ವರ್ಷ ಗೌರಿ ಹಬ್ಬ ಬರುತ್ತಿತ್ತು. ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಬರುವ ಹಬ್ಬ. ಅಣ್ಣನೋ ತಮ್ಮನೋ ಅರಿಶಿನ ಕುಂಕುಮ, ಬಳೆ, ಕುಬುಸದ ಬಟ್ಟೆ, ಕಾಯಿ ಬೆಲ್ಲ ಹಿಡಿದುಕೊಂಡು ಬರಬೇಕು. ಅವಳು ಬೆಳಿಗ್ಗೆಯೇ ಬಾಗಿಲಿಗೆ ನೀರು ಹಾಕಿ ದೊಡ್ಡ ರಂಗೋಲಿ ಬಿಡುತ್ತಿದ್ದಳು. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. “ಇವತ್ತು ಕಡುಬು ಸ್ವಲ್ಪ ಜಾಸ್ತಿನೇ ಮಾಡಿದೀನಿ,” ಎನ್ನುತ್ತಿದ್ದಳು. ಸಂಜೆ ಆ ಜಾಸ್ತಿ ಕಡುಬು ಪಕ್ಕದ ಮನೆಗೆ ಹೋಗುತ್ತಿತ್ತು. ಪ್ರತಿ ವರ್ಷ ಇದನ್ನು ನೋಡುತ್ತಾ ನಾನು ಭಾವನ ಮೇಲೆ ಇನ್ನೊಂದು ಕೊಳ್ಳಿ ಇಡುತ್ತಿದ್ದೆ. ಬಾಗಿಲು ಹಾಕಿದವನು ನಾನೂ ಹೌದು ಎಂಬುದು ಆಗ ನನ್ನ ತಲೆಗೆ ಹೋಗುತ್ತಿರಲಿಲ್ಲ.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಆ ಮನೆಯ ಮೆಟ್ಟಿಲು ಹತ್ತಿದೆ. ಬಾಡಿಗೆ ಮನೆ, ಮೊದಲ ಮಹಡಿ. ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ಒಂದು ಸಣ್ಣ ರೇಡಿಯೊ, ಅದರ ಪಕ್ಕ ಅವರು. ಮೀಸೆ ಬೆಳ್ಳಗಾಗಿ ಕೆಳಗೆ ಜೋತಿತ್ತು. ನನ್ನ ಭುಜ ಹಿಡಿದೆಳೆದ ಕೈ ಮೊಣಕಾಲ ಮೇಲೆ ಬಡಕಲಾಗಿ ಬಿದ್ದಿತ್ತು. ನೋಡಿ ಕನಿಕರ ಬರಬೇಕಿತ್ತು. ಬರಲಿಲ್ಲ. ‘ಕೊನೆಗೂ ನನ್ನ ಕೈಗೆ ಸಿಕ್ಕಿದೆಯಲ್ಲ’ ಎಂದುಕೊಂಡೆ.

ನನ್ನ ದನಿ ಅವರಿಗೆ ಗೊತ್ತಾಗಲಿಲ್ಲ. ಹಲ್ಲು ಕಟ್ಟಿಸಿಕೊಂಡ ಮೇಲೆ ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸುತ್ತಿತ್ತು. ಅದೂ ಅಲ್ಲದೆ ಹಿಂದೆ ಅವರು ನನ್ನ ದನಿ ಕೇಳಿದ್ದೇ ಕಡಿಮೆ, ಮಾತಾಡುತ್ತಿದ್ದವರು ಅವರೊಬ್ಬರೇ. ಯಾವೂರು ಎಂದು ಕೇಳಿದರು. ನೆಲಮಂಗಲ ಕಡೆ ಎಂದೆ. ಹೆಸರು ಹೇಳಲಿಲ್ಲ. ಪೇಪರ್ ಓದಿ ಹೇಳಿದೆನಾದ್ದರಿಂದ ಮೊದಲ ದಿನವೇ ನನ್ನನ್ನು ‘ಮೇಷ್ಟ್ರೇ’ ಎಂದು ಕರೆದರು. ನಾನೂ ಮೇಷ್ಟ್ರಾಗಿಯೇ ಉಳಿದೆ.

ಮೊದಮೊದಲು ಏನು ಮಾಡಬೇಕೆಂದು ತೋಚಲಿಲ್ಲ. ಬೇಕೆಂದೇ ತಡವಾಗಿ ಹೋಗುತ್ತಿದ್ದೆ, ಮೆಟ್ಟಿಲ ಮೇಲೆ ನಿಂತು, ಅವರು ‘ಬಂದ್ರಾ? ಮೇಷ್ಟ್ರೇ?’ ಎಂದು ಖಾಲಿ ಬಾಗಿಲಿಗೆ ಕೇಳುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಅದು ಸಾಲಲಿಲ್ಲ. ಒಂದು ದಿನ ಅವರೇ ನನ್ನ ಕೈಗೆ ಕತ್ತಿ ಕೊಟ್ಟರು.

“ಊಟ ಆಯ್ತಾ ಮೇಷ್ಟ್ರೇ? ಏನ್ ಸಾರು?” ಎಂದು ಕೇಳಿದರು. “ನನ್ಗೆ ಸಕ್ಕರೆ ಅಂತ ಮಗ್ಳು ಗಂಜಿ ಕೊಡ್ತಾಳೆ. ಉಪ್ಪಿಲ್ಲ, ಖಾರ ಇಲ್ಲ. ಬಾಡು ತಿಂದು ಎಷ್ಟ್ ಕಾಲ ಆಯ್ತೋ. ಬಾಯಲ್ಲಾದ್ರೂ ಹೇಳಿ, ಕೇಳ್ತೀನಿ.”

ನಾನು ಹೇಳಿದೆ. ಯಾವುದೋ ಮದುವೆಯ ಊಟವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದೆ. ಹಿಂದಿನ ರಾತ್ರಿಯೇ ಕುರಿ ತಂದು ಕಟ್ಟಿದ್ದು, ಒಲೆ ಹೂಡಿದ್ದು, ಮಸಾಲೆ ಅರೆಯುವಾಗ ಎದ್ದ ಘಾಟು, ಕೊಪ್ಪರಿಗೆಯಲ್ಲಿ ಸಾರು ಕುದಿಯುವ ಸದ್ದು. ಆಮೇಲೆ ಎಲೆ ಹಾಕಿಸಿದೆ. ನೀರು ಚಿಮುಕಿಸಿದೆ. ಮುದ್ದೆ ತರಿಸಿದೆ, ಅದಕ್ಕೆ ಗುಳಿ ಮಾಡಿಸಿ ಸಾರು ಹುಯ್ಯಿಸಿದೆ. ಭಾವನ ಗಂಟಲ ಉಂಡೆ ಮೇಲೆ ಕೆಳಗೆ ಆಡುತ್ತಿತ್ತು. ಕೈ ಅವರಿಗೆ ಗೊತ್ತಿಲ್ಲದೆಯೇ ಬೆರಳು ಕೂಡಿಸಿಕೊಂಡಿತ್ತು.

“ಮುದ್ದೆ ಮುರಿದೆ,” ಎಂದೆ. ಅಲ್ಲಿಗೆ ನಿಲ್ಲಿಸಿ ಎದ್ದು ನಿಂತೆ. “ಗಂಟೆ ಆಯ್ತು. ನಮ್ಮ ಗುಂಪಿನ ಕಟ್ಟಳೆ. ಮಿಕ್ಕಿದ್ದು ಮುಂದಿನ ವಾರ.”

“ಅಯ್ಯಯ್ಯೋ!” ಎಂದು ಅವರು ನಕ್ಕರು. “ಎಲೆ ಮುಂದೆ ಕೂರ್ಸಿ ಎಬ್ಬಿಸ್ದಂಗಾಯ್ತಲ್ಲ ಮೇಷ್ಟ್ರೇ! ಯಾರಿಗಾದ್ರೂ ಹಿಂಗ್ ಮಾಡ್ತಾರಾ?”

ಆ ಮಾತು ಅವರ ಬಾಯಿಂದಲೇ ಬಂದಾಗ ನನ್ನ ಹೊಟ್ಟೆ ತಣ್ಣಗಾಯಿತು. ಮೂವತ್ತು ವರ್ಷ ಕಾದಿದ್ದ ಹಸಿವು ಅವತ್ತು ಒಂದು ತುತ್ತು ಉಂಡಿತು. ಗಾಡಿ ಓಡಿಸಿಕೊಂಡು ಬರುತ್ತಾ ಒಬ್ಬನೇ ನಗುತ್ತಿದ್ದೆ. ಅಂದಿನಿಂದ ಪ್ರತಿ ವಾರ ಒಂದು ಊಟ. ಪ್ರತಿ ವಾರ ಸರಿಯಾಗಿ ಮುದ್ದೆ ಮುರಿದ ಮೇಲೆ ನಿಲ್ಲಿಸುತ್ತಿದ್ದೆ. ಮುಂದಿನ ವಾರ ಹೋದಾಗ ಹಳೆಯದನ್ನು ಮುಗಿಸದೆ ಬೇರೆ ಊಟ ಶುರು ಮಾಡುತ್ತಿದ್ದೆ. “ಆ ತಲೆಮಾಂಸ ಏನಾಯ್ತು, ಹೇಳ್ಲೇ ಇಲ್ಲ?” ಎಂದು ಗೋಗರೆದರೆ, “ಅದು ಆರಿಹೋಯ್ತು,” ಎನ್ನುತ್ತಿದ್ದೆ. ಅವರಿಗೆ ಅದು ಆಟ. ನಾನು ಬರುವ ದಿನ ಬೆಳಿಗ್ಗೆಯಿಂದಲೇ ಶರ್ಟು ಬದಲಾಯಿಸಿ ಕಾಯುತ್ತಾರೆ ಎಂದು ಮಗಳು ಮೇಡಂ ಹತ್ತಿರ ಹೇಳಿದ್ದಳಂತೆ. “ನೀವು ಅವರಿಗೆ ಜೀವ ಕೊಟ್ಟಿದೀರಿ,” ಎಂದು ಮೇಡಂ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿದೆ.

ಗೌರಿ ಹಬ್ಬ ಹತ್ತಿರ ಬಂತು. ಅವತ್ತು ಅವರು ಊಟದ ಕತೆ ಕೇಳಲಿಲ್ಲ.

“ಮೇಷ್ಟ್ರೇ, ನೀವು ನೆಲಮಂಗಲದವರಲ್ವಾ? ನಿಮ್ಮಿಂದ ಒಂದ್ ಉಪಕಾರ ಆಗ್ಬೇಕು.”

“ಹೇಳಿ.”

“ಅಲ್ಲಿ ನನ್ ತಂಗಿ ಅವ್ಳೆ. ಅವಳ ಗಂಡ ಗೋಡೌನ್‌ನಲ್ಲಿದ್ದ. ನಾನು ಅವಳಿಗೆ ಬಾಗಿನ ಕೊಟ್ಟು ಕಾಲ ಆಯ್ತು. ಮೊದ್ಲು ಸೊಕ್ಕು, ಆಮೇಲೆ ನಾಚಿಕೆ, ಈಗ ಕಣ್ಣಿಲ್ಲ.” ದನಿ ತಗ್ಗಿಸಿದರು. “ಮಗ್ಳ ಹತ್ರ ಹೇಳಕ್ಕಾಗಲ್ಲ. ಅಳಿಯನ ಮನೇಲಿ ಕೂತು ಅನ್ನ ತಿಂತಾ, ನನ್ ತಂಗಿಗೆ ಬಾಗಿನ ಕೊಡ್ಸಿ ಅಂತ ಯಾವ ಬಾಯಲ್ಲಿ ಕೇಳ್ಲಿ? ನನ್ ಪಿಂಚಣಿ ದುಡ್ಡು ಐತೆ. ನೀವೇ ತಂದು, ನೀವೇ ಹುಡುಕಿ ಕೊಟ್ಟು ಬನ್ನಿ.”

ಅವರು ಹುಡುಕುತ್ತಿದ್ದ ತಂಗಿ ಎರಡು ಬೀದಿಯಾಚೆ, ನನ್ನ ಮನೆಯಲ್ಲಿ, ಅದೇ ಹೊತ್ತಿನಲ್ಲಿ ಅಕ್ಕಿ ಆರಿಸುತ್ತಿದ್ದಳು. ಗಂಟು ಹೊರಬಾರದು ಎಂಬ ಮೇಡಂ ಕಟ್ಟಳೆ ಇತ್ತು. ಆಗುವುದಿಲ್ಲ ಎಂದಿದ್ದರೂ ಸಾಕಿತ್ತು. ನನಗೆ ಅದಕ್ಕಿಂತ ದೊಡ್ಡದು ಕಂಡಿತು. ಊಟದ ಎಲೆಯಿಂದ ಎಬ್ಬಿಸಿದವರನ್ನು ತಂಗಿಯ ಬಾಗಿಲಿಂದಲೇ ಎಬ್ಬಿಸಿದರೆ?

“ಆಗ್ಲಿ,” ಎಂದೆ.

ಪೇಟೆಯಿಂದ ಎಲ್ಲ ತಂದು ಅವರ ಮಂಚದ ಮೇಲೆ ಇಟ್ಟೆ. ಒಂದೊಂದನ್ನೂ ಮುಟ್ಟಿ ನೋಡಿದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಕುಬುಸದ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡರು. ಹಸಿರು ಗಾಜಿನ ಬಳೆಯೊಳಗೆ ತಮ್ಮ ಬೆರಳುಗಳನ್ನು ಒಟ್ಟುಮಾಡಿ ತೂರಿಸಿ ನೋಡಿದರು. “ಇದು ದೊಡ್ಡದು. ಅವಳದು ಸಣ್ಣ ಕೈ, ಬಳೆಗಾರ ಬಂದಾಗ ನಾನೇ ಅವಳ ಕೈ ಹಿಡ್ಕೊಂಡು ಕೂರ್ತಿದ್ದೆ,” ಎಂದರು. ಪೇಟೆಗೆ ವಾಪಸ್ ಹೋಗಿ ಸಣ್ಣ ಅಳತೆಯದನ್ನು ತಂದೆ.

“ಹುಣಸೆಹಣ್ಣು ತಂದ್ರಾ?”

“ಬಾಗಿನಕ್ಕೆ ಹುಣಸೆಹಣ್ಣು ಯಾಕೆ?”

“ನಮ್ಮವ್ವ ಇಡೋಳು. ಬೀಜ ಸಮೇತ ಒಂದ್ ಹಿಡಿ. ಬೇರೆ ಮನೆಯೋರು ನಗೋರು. ಇರ್ಲಿ, ಇಡಿ.”

ಮುದುಕರ ಹುಚ್ಚು ಎಂದುಕೊಂಡು ಬೀಜ ಸಮೇತ ಒಂದು ಹಿಡಿ ಕಟ್ಟಿಟ್ಟೆ. ಜಗಳಕ್ಕೆ ಮುಂಚಿನ ವರ್ಷಗಳಲ್ಲಿ ನನ್ನ ಹೆಂಡತಿಗೆ ಬಾಗಿನ ಬಂದಾಗ ಅದರಲ್ಲಿ ಏನೇನಿದೆ ಎಂದು ನಾನು ಒಂದು ಸಲವೂ ಬಗ್ಗಿ ನೋಡಿದವನಲ್ಲ. ಹೆಂಗಸರ ಸಾಮಾನು, ನನಗೇಕೆ ಎಂದು ಸುಮ್ಮನಿದ್ದವನು.

ಹಬ್ಬದ ದಿನ ಆ ಗಂಟು ನನ್ನ ಗಾಡಿಯ ಡಬ್ಬಿಯಲ್ಲೇ ಇತ್ತು. ಒಳಗೆ ನನ್ನ ಹೆಂಡತಿ ಪೂಜೆ ಮಾಡಿದಳು. ಬಾಗಿಲಲ್ಲಿ ರಂಗೋಲಿ ದೊಡ್ಡದಾಗಿಯೇ ಇತ್ತು. “ಕಡುಬು ಸ್ವಲ್ಪ ಜಾಸ್ತಿನೇ ಮಾಡಿದೀನಿ,” ಎಂದಳು. ನಾನು ತಟ್ಟೆಯ ಮೇಲೆ ಕಣ್ಣಿಟ್ಟು ತಿಂದೆ. ಬಾಗಿನ ಅವಳಿಂದ ಕೂಗಳತೆಯಲ್ಲಿತ್ತು. ಸಂಜೆ ಕಡುಬು ಪಕ್ಕದ ಮನೆಗೆ ಹೋಯಿತು. ಬೇರೇನನ್ನು ಮನ್ನಿಸಿದರೂ ಆ ಸಂಜೆಯನ್ನು ಯಾರೂ ಮನ್ನಿಸಬೇಕಾಗಿಲ್ಲ.

ಮುಂದಿನ ಭೇಟಿಗೆ ಹೋದಾಗ ಭಾವ ಬಾಗಿಲ ಹತ್ತಿರವೇ ಗೋಡೆ ಹಿಡಿದು ನಿಂತಿದ್ದರು.

“ಕೊಟ್ರಾ? ಏನಂದ್ಲು?”

ನಾನು ಬೇಕೆಂದೇ ನಿಧಾನವಾಗಿ ಚಪ್ಪಲಿ ಬಿಟ್ಟೆ. ಆಮೇಲೆ ಹೇಳಿದೆ. “ಒಳಗೆ ತಗೊಳ್ಳಲಿಲ್ಲ. ನಮಗೆ ತವರಿಲ್ಲ ಅಂದ್ರು. ಬಾಗಿಲಲ್ಲೇ ವಾಪಸ್ ಕೊಟ್ರು.”

ಬಾಗಿನ ವಾಪಸ್ ಬರುವುದೆಂದರೆ ಅಣ್ಣ ಬದುಕಿದ್ದೂ ಸತ್ತ ಹಾಗೆ. ಅವರು ಗೋಡೆಯನ್ನು ಹಿಡಿದುಕೊಂಡೇ ನಿಧಾನವಾಗಿ ಮಂಚಕ್ಕೆ ಹೋದರು. ನಾನು ನೋಡುತ್ತಾ ನಿಂತೆ. ಇದಕ್ಕಾಗಿ ಮೂವತ್ತು ವರ್ಷ ಕಾದಿದ್ದೆನಲ್ಲ, ಪೂರ್ತಿ ನೋಡಿಬಿಡೋಣ ಎಂದು. ಅವರು ಬೈಯಲಿಲ್ಲ, ಅಳಲೂ ಇಲ್ಲ. ರೇಡಿಯೊವನ್ನು ಪಕ್ಕಕ್ಕೆ ಸರಿಸಿ ಕೂತು ಕೇಳಿದರು.

“ಬಳೆ ನೋಡಿದ್ಲಾ?”

ನಾನು ಕಿಟಕಿಯ ಕಡೆಗೆ ತಿರುಗಿದೆ.

“ನೋಡಿರಲ್ಲ ಬಿಡಿ. ನೋಡಿದ್ರೆ ಇಟ್ಕೊಂಡಿರೋಳು,” ಎಂದರು. ಆಮೇಲೆ ನನ್ನ ಕಡೆಗೆ ಕೈ ಚಾಚಿದರು. “ಮೇಷ್ಟ್ರೇ, ತಿರುಗಿ ಬಂದ ಬಾಗಿನ ಮನೇಲಿ ಇಡಬಾರ್ದು. ಬಿಸಾಕಲೂ ಬಾರ್ದು. ನಿಮ್ಮನೆಯೋರಿಗೆ ಕೊಟ್ಬಿಡಿ. ನಲ್ಲೂರಿನೋನು ಒಬ್ಬ ಅಣ್ಣ ಅವ್ನೆ ಅಂತ ಹೇಳಿ ಕೊಡಿ. ಆ ಅಮ್ಮನ್ನೇ ನನ್ ತಂಗಿ ಅನ್ಕೋತೀನಿ.”

ನಾನು ಮೆಟ್ಟಿಲು ಇಳಿದದ್ದು ನೆನಪಿಲ್ಲ. ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದ್ದು ನೆನಪಿದೆ. ಗಂಟನ್ನು ನೀರಿಗೆ ಹಾಕಿಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಗಂಟನ್ನು ಕೈಗೂ ತೆಗೆದುಕೊಂಡೆ. ಒಳಗೆ ಬಳೆಗಳು ಸದ್ದು ಮಾಡಿದವು. ವಾಪಸ್ ಡಬ್ಬಿಗೆ ಹಾಕಿಕೊಂಡು ಮನೆಗೆ ಬಂದೆ.

“ನಾನು ಹೋಗುವ ಮನೆಯ ಮುದುಕರೊಬ್ಬರು ನಿನಗೆ ಕೊಟ್ಟರು,” ಎಂದು ಅವಳ ಮುಂದಿಟ್ಟೆ. ಅವಳಿಗೆ ಗೊತ್ತಾಗುವುದಿಲ್ಲ ಎಂದೇ ನಂಬಿದ್ದೆ.

“ನನ್ಗ್ಯಾಕೆ?” ಎನ್ನುತ್ತಲೇ ಬಿಚ್ಚಿದಳು. ಬಟ್ಟೆ ನೋಡಿದಳು, ಬಣ್ಣ ಚೆನ್ನಾಗಿದೆ ಎಂದಳು. ಬಳೆ ತೊಟ್ಟಳು, ಕೈಗೆ ಸಲೀಸಾಗಿ ಹೋಯಿತು. “ನನ್ ಅಳತೆ ಅವರಿಗೆಂಗ್ ಗೊತ್ತಾಯ್ತು?” ಎಂದು ನಕ್ಕಳು. ತಳದಲ್ಲಿದ್ದ ಸಣ್ಣ ಕಟ್ಟು ಕೈಗೆ ಬಂತು. ಬಿಚ್ಚಿದಳು. ಹುಣಸೆಹಣ್ಣು. ಬೆರಳಿನಿಂದ ಅದುಮಿ ಬೀಜ ಇದೆಯೇ ಎಂದು ನೋಡಿದಳು.

ನಗು ನಿಂತಿತು. “ಎಲ್ಲವ್ನೆ ನಮ್ಮಣ್ಣ?”

ನಾನು ಎಲ್ಲವನ್ನೂ ಹೇಳಿದೆ. 

“ಎಷ್ಟು ದಿನದಿಂದ ಹೋಗ್ತಿದೀರಿ?”

“ವರ್ಷ ಆಗುತ್ತಾ ಬಂತು.”

“ನಾನ್ ಹಬ್ಬದ ದಿನ ಕಡುಬು ಮಾಡ್ತಿದ್ನಲ್ಲ, ಆಗ ಇದೆಲ್ಲಿತ್ತು?”

“ಗಾಡಿಯಲ್ಲಿ.”

ಅವಳು ಕೂಗಾಡಲಿಲ್ಲ. ಮುಖ ತೊಳೆದು, ಸೀರೆ ಬದಲಾಯಿಸಿ, ಬಳೆ ತೊಟ್ಟ ಹಾಗೆಯೇ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು. “ಮನೆ ತೋರ್ಸಿ,” ಎಂದಳು ಅಷ್ಟೆ. ಗಾಡಿ ಹತ್ತಲಿಲ್ಲ. ನಾನು ಮುಂದೆ, ಅವಳು ಹಿಂದೆ. ಹಾಲಿನ ಡೈರಿ ದಾಟಿ, ಶಾಲೆ ದಾಟಿ ಹೋದೆವು. ಎಷ್ಟು ಹತ್ತಿರ ಎಂದು ಅವಳಿಗೆ ಗೊತ್ತಾಗುತ್ತಾ ಹೋದಂತೆ ಅವಳ ಹೆಜ್ಜೆ ಜೋರಾಯಿತು. ನಾನು ಮೆಟ್ಟಿಲ ಕೆಳಗೇ ನಿಂತೆ. ಮೇಲಿನಿಂದ ಕೇಳಿಸಿತು:

“ಯಾರು? ಮೇಷ್ಟ್ರಾ?”

“ಅಣ್ಣಾ.”

ಆಮೇಲೆ ಬಳೆಯ ಸದ್ದು. ಅವರು ಮುಟ್ಟಿ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

“ಕೂಸೇ, ಇದು ನೀನ್ ವಾಪಸ್ ಕಳ್ಸಿದ್ದಲ್ವಾ?”

“ನನ್ ಕೈಲೇ ಐತಲ್ಲಣ್ಣ. ನಾನ್ ಕಳಿಸ್ಲಿಲ್ಲ.”

“ಮತ್ತೆ ಮೇಷ್ಟ್ರು ಹಂಗಂದ್ರು?”

“ಮೇಷ್ಟ್ರನ್ನೇ ಕೇಳು. ಬಂದು ಹೇಳ್ತಾರೆ,” ಎಂದಳು, ಕೆಳಗಿರುವ ನನಗೂ ಕೇಳುವಷ್ಟು ಗಟ್ಟಿಯಾಗಿ.

ಅವತ್ತು ಮನೆಗೆ ಬಂದವಳು ಅಡುಗೆ ಮಾಡಿದಳು, ತಾನು ಬಡಿಸಿಕೊಂಡು ಉಂಡಳು. ನನ್ನ ತಟ್ಟೆ ಕವುಚಿಟ್ಟ ಕಡೆಯೇ ಇತ್ತು. ಮದುವೆಯಾದಂದಿನಿಂದ ಅವಳು ಬಡಿಸದೆ ನಾನು ಉಂಡವನಲ್ಲ.

“ಬಡಿಸ್ಕೊಂಡು ತಿನ್ನಿ,” ಎಂದಳು. “ಅವನಿಗೆ ನೀವ್ಯಾರು ಅಂತ ನಾನು ಹೇಳಿಲ್ಲ, ಹೇಳಲ್ಲ. ನೀವೇ ಹೇಳ್ಬೇಕು.”

ಆ ವಾರ ನಾನು ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಅವಳು ದಿನಾ ಹೋಗಿಬರುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಒಬ್ಬನೇ ಮನೆಯಲ್ಲಿ ಕೂತು ಆರಿದ ಅನ್ನ ಬಡಿಸಿಕೊಳ್ಳುತ್ತಿದ್ದೆ. ಕೊನೆಗೆ ಮೊದಲು ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಇನ್ಮೇಲೆ ನಮ್ಮ ಗುಂಪಿನಿಂದ ನೀವು ಯಾರ ಮನೆಗೂ ಹೋಗಬೇಡಿ. ಆ ಮನೆಗೆ ಹೋಗೋದಾದ್ರೆ ನೆಂಟರಾಗಿ ಹೋಗಿ. ಬೈದ್ರೆ ಬೈಸ್ಕೊಳ್ಳಿ.”

ಹೋದೆ. ರೇಡಿಯೊದಲ್ಲಿ ಕೃಷಿ ವಾರ್ತೆ ಬರುತ್ತಿತ್ತು.

“ಬಂದ್ರಾ ಮೇಷ್ಟ್ರೇ? ಕಾಣ್ಲೇ ಇಲ್ಲ?”

“ನಾನು ಮೇಷ್ಟ್ರಲ್ಲ,” ಎಂದೆ. “ನಿಮ್ಮ ತಂಗಿಯ ಗಂಡ.”

ಅವರು ತಡವಿ ರೇಡಿಯೊ ಆರಿಸಿದರು. “ಗೋಡೌನಿನೋನಾ?”

“ಹೂಂ.”

“ಯಾಕೋ ಹಿಂಗ್ ಮಾಡ್ದೆ?”

ಬೀಗರ ಊಟವನ್ನು ಹೇಳಿದೆ. ಪಂಕ್ತಿ, ಎಲೆ, ಮುದ್ದೆ, ಭುಜ ಹಿಡಿದೆಳೆದದ್ದು, ಕಿಸಕ್ಕನೆ ನಕ್ಕದ್ದು, ನಾಯಿ. ಈ ಒಂದು ಊಟವನ್ನು ಮಾತ್ರ ನಾನು ಕೊನೆಯವರೆಗೂ ಹೇಳಿದೆ. ಅವರು ಹಣೆ ಗಂಟಿಕ್ಕಿ, ನೆನಪು ಮಾಡಿಕೊಳ್ಳಲು ನೋಡಿದರು.

“ನೆನಪಿಲ್ವಲ್ಲೋ. ಆ ಕಾಲದಲ್ಲಿ ಎಷ್ಟ್ ಜನನ್ನ ಎಬ್ಬಿಸಿದೀನೋ. ನಿನ್ನೂ ಎಬ್ಬಿಸಿರ್ತೀನಿ.”

ಕ್ಷಮೆ ಕೇಳಲು ಹೋದವನ ಮೈ ಮತ್ತೆ ಧಗ್ಗೆಂದಿತು. ನಾನು ಮೂವತ್ತು ವರ್ಷ ಗಾಳಿ ಹಾಕಿ ಕಾಪಾಡಿದ ಬೆಂಕಿ ಅವರಿಗೆ ನೆನಪೇ ಇಲ್ಲ! ಇದನ್ನು ಬರೆಯುವಾಗಲೂ ಹಲ್ಲು ಕಚ್ಚುತ್ತಿದ್ದೇನೆ. “ನಿಮ್ಮವ್ವ ಸತ್ತಾಗ ಅವಳಿಗೆ ಹೇಳಿ ಕಳಿಸಲಿಲ್ಲವಲ್ಲ, ಅದಾದ್ರೂ ನೆನಪಿದೆಯಾ?” ಎಂದು ಕೇಳಿಯೇಬಿಟ್ಟೆ.

“ಅದು ನೆನಪೈತೆ,” ಎಂದರು. ದನಿ ಬಿದ್ದುಹೋಗಿತ್ತು. “ಅದಕ್ಕೆ ಅವಳ ಕಾಲ್ ಹಿಡಿದು ತಪ್ಪಾಯ್ತು ಅಂತ ಕೇಳ್ಕೊಂಡಿದೀನಿ. ನಿನ್ ಹತ್ರ ಕೇಳಲ್ಲ.” ಮುಖವನ್ನು ನನ್ನ ಕಡೆ ತಿರುಗಿಸಿದರು. “ನಾನು ನಿನ್ನ ಒಂದ್ ಎಲೆಯಿಂದ ಎಬ್ಬಿಸ್ದೆ ಕಣೋ. ನೀನು ಅವಳನ್ನ ತವರಿಂದ್ಲೇ ಎಬ್ಬಿಸ್ದೆ. ಬಾಗಿನ ವಾಪಸ್ ಬಂತು ಅಂದ್ಯಲ್ಲ, ಅವಳು ಬರೋವರ್ಗೂ ಗುಟುಕು ನೀರೂ ಗಂಟಲಲ್ಲಿ ಇಳೀಲಿಲ್ಲ ನನ್ಗೆ.”

ನಾನು ನೆಲದ ಮೇಲೆ ಕೂತೆ. ನನ್ನ ತಪ್ಪಾಯಿತು ಎಂದೆ. ಕ್ಷಮಿಸಿ ಎಂದೆ. ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

“ಭಾವ,” ಎಂದರು ಕೊನೆಗೆ. ಮೊದಲ ಸಲ ಹಾಗೆ ಕರೆದದ್ದು. “ನಿನ್ನ ನಾನು ಕ್ಷಮಿಸೋದು...” ಎಂದು ಬಾಯಿ ತೆರೆದು ಮುಂದಕ್ಕೆ ಬಾಗಿದರು. ನಾನೂ ಬಾಗಿದೆ. ಜೋತುಬಿದ್ದ ಮೀಸೆಯ ಒಳಗೆ ಒಂದು ನಗು ಎದ್ದದ್ದು ಕಂಡಿತು. “ಗಂಟೆ ಆಯ್ತೇನೋ? ಮಿಕ್ಕಿದ್ದು ಮುಂದಿನ್ ವಾರ. ಎದ್ದೇಳು.”

ನಾನು ಎದ್ದೆ.

ಇದಾಗಿ ತಿಂಗಳುಗಳಾದವು. ಅದೇ ದಿನ, ಅದೇ ಹೊತ್ತಿಗೆ ಈಗಲೂ ಹೋಗುತ್ತೇನೆ, ಗುಂಪಿನವನಾಗಿ ಅಲ್ಲ. ಪೇಪರ್ ಓದುತ್ತೇನೆ, ಊಟಗಳನ್ನು ಕೈ ತೊಳೆದು ಎಲೆಯಡಿಕೆ ಹಾಕಿಕೊಳ್ಳುವವರೆಗೂ ಹೇಳುತ್ತೇನೆ. ಭಾವ ಪೂರ್ತಿ ಕೇಳುತ್ತಾರೆ. ಕೊನೆಗೆ ಅವರ ಸರದಿ. “ನಿನ್ನ ಕ್ಷಮಿಸೋದು...” ಎಂದು ಶುರು ಮಾಡುತ್ತಾರೆ, ಸರಿಯಾಗಿ ಅಲ್ಲಿಗೇ ನಿಲ್ಲಿಸುತ್ತಾರೆ, ಎಬ್ಬಿಸುತ್ತಾರೆ. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕೇಳುತ್ತಾಳೆ.

“ಏನಂದ ಅಣ್ಣ?”

“ಮುಂದಿನ ವಾರ ಅಂದ್ರು.”

ಅವಳು ನಗುತ್ತಾಳೆ. ನಗುತ್ತಲೇ, “ಬಡಿಸ್ಕೊಂಡು ತಿನ್ನಿ,” ಎನ್ನುತ್ತಾಳೆ.